ಮನೆಯೊಳಗಿನ ಪ್ರತ್ಯೇಕ ಫ್ಲಾಟ್‌ಗೆ ಕರೆಂಟ್ ಲೈನ್: ನನ್ನ ಅನುಭವ

ಇರುವ ಮನೆಯಲ್ಲೇ ಅಡುಗೆಮನೆ, ಬಚ್ಚಲು ಸಮೇತ ಬೇರೆ ಫ್ಲಾಟ್ ಮಾಡುವಾಗ ಎಲ್ಲರೂ ಕೇಳುವುದು ವೈರಿನ ಸೈಜು. ಆಮೇಲೆ ಕಾಟ ಕೊಡುವುದು ಮಾತ್ರ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ವೈರು.

ನಾನು ಶುರುಮಾಡಿದ್ದು ಲೋಡಿನ ಪಟ್ಟಿಯಿಂದ. ಗೀಸರ್ 2000 ವಾಟ್, ಇಂಡಕ್ಷನ್ ಒಲೆ 2000, ನೀರು ಬಿಸಿ ಮಾಡುವ ವಾಷಿಂಗ್ ಮಷೀನ್ 2000, ಏಸಿ 1500, ಕೆಟಲ್ 1500, ಮೈಕ್ರೋವೇವ್ 1200, ಫ್ರಿಜ್-ದೀಪ-ಫ್ಯಾನ್-ಟಿವಿಗೆ 600. ಕೂಡಿದರೆ 10.8 ಕಿಲೋವಾಟ್, 230 ವೋಲ್ಟಿಗೆ 47 ಆಂಪ್. ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಗೀಸರ್, ಒಲೆ, ಏಸಿ ಮತ್ತು ಸಣ್ಣಪುಟ್ಟದ್ದು ಸೇರಿದರೆ 6.1 ಕಿಲೋವಾಟ್, ಅಂದರೆ 26.5 ಆಂಪ್. ಫೀಡರ್‌ಗೆ, ಅಂದರೆ ಮನೆಯ ಮೇನ್‌ನಿಂದ ಫ್ಲಾಟಿಗೆ ಹೋಗುವ ಲೈನಿಗೆ, 32 ಆಂಪ್ ಎಂಸಿಬಿ (ಲೋಡು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿದೆ. ನಡುವೆ ಕೆಟಲ್ ಹಚ್ಚಿ ಲೋಡು 33ಕ್ಕೆ ಹೋದರೂ ಅದು ಬೀಳುವುದಿಲ್ಲ, ರೇಟಿಂಗಿನ 1.13 ಪಟ್ಟು, ಅಂದರೆ 36 ಆಂಪ್‌ವರೆಗೆ ಎಂಸಿಬಿ ಒಂದು ಗಂಟೆಯಾದರೂ ತಡೆದುಕೊಳ್ಳಬೇಕು.

ಫೀಡರ್ ದಾರಿ 25 ಮೀಟರ್. 6 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಸುಮಾರು 4.8 ವೋಲ್ಟ್ ಇಳಿಯುತ್ತದೆ, 10ರಲ್ಲಿ 2.9. 6 ಕೂಡ ನಡೆಯುತ್ತಿತ್ತು, ಆದರೆ ಗೋಡೆಯೊಳಗಿನ ಪೈಪಿನಲ್ಲಿ ಬೇರೆ ವೈರುಗಳ ಜೊತೆ ಹೋದರೆ ಅದರ ಸಾಮರ್ಥ್ಯ 32ಕ್ಕಿಂತ ಕೆಳಗೆ ಬರುತ್ತದೆ. ಗೋಡೆ ಮತ್ತೆ ಒಡೆಯುವ ಖರ್ಚಿನ ಮುಂದೆ ದಪ್ಪ ವೈರಿನ ಖರ್ಚು ಏನೂ ಅಲ್ಲ. ಅರ್ಥ್ ವೈರೂ 10ರದ್ದೇ ಎಳೆಸಿದೆ.

ಇದಕ್ಕೂ ಮೊದಲು, ಮನೆಯ ಮೇನ್‌ನಲ್ಲಿ ಅಷ್ಟು ಜಾಗ ಇದೆಯೇ ಎಂದು ಜೋರು ಬಳಕೆಯ ಹೊತ್ತಿನಲ್ಲಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಿಡಿದು ನೋಡಬೇಕು. ಮಂಜೂರಾದ ಲೋಡು ಸಾಲದಿದ್ದರೆ ಹೆಚ್ಚಿಸಿಕೊಳ್ಳುವ ಅರ್ಜಿ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಮೂರು ಫೇಸ್ ಇರುವ ಮನೆಯಾದರೆ ಇಡೀ ಫ್ಲಾಟನ್ನು ಒಂದೇ ಫೇಸಿಗೆ ಕೊಡಿ.

ಫ್ಲಾಟಿನ ಲೈನನ್ನು ಮನೆಯ ಆರ್‌ಸಿಸಿಬಿಗಿಂತ (ಕರೆಂಟ್ ಲೀಕಾದರೆ ಬೀಳುವ ಸ್ವಿಚ್) ಮುಂಚೆಯೇ ಬೇರ್ಪಡಿಸಬೇಕು. ಅದನ್ನು ದಾಟಿದ ಮೇಲೆ ತೆಗೆದರೆ ಫ್ಲಾಟಿನ ಗೀಸರ್‌ನಲ್ಲಿ ಕರೆಂಟ್ ಲೀಕಾದಾಗ ಮನೆಯೂ ಕತ್ತಲೆ. 30 ಮಿಲಿಆಂಪ್‌ನವು ಎರಡು ಸಾಲಾಗಿದ್ದರೆ ಯಾವುದು ಮೊದಲು ಬೀಳುತ್ತದೆಂದು ಹೇಳಲಾಗದು. ಮೇನ್ ಕಡೆಗೂ ಒಂದು ಬೇಕೇ ಬೇಕಿದ್ದರೆ ತಡವಾಗಿ ಬೀಳುವ ಎಸ್ ಟೈಪ್, 100 ಮಿಲಿಆಂಪ್‌ನದು. ಫ್ಲಾಟಿನ ಡಿಬಿಯಲ್ಲಿ (ಲೈನುಗಳು ಹಂಚಿಕೆಯಾಗುವ ಪೆಟ್ಟಿಗೆ) 40 ಆಂಪ್ ಡಬಲ್ ಪೋಲ್ ಐಸೊಲೇಟರ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್), ನಂತರ 30 ಮಿಲಿಆಂಪ್‌ನ ಎರಡು ಆರ್‌ಸಿಸಿಬಿ: ಒಂದಕ್ಕೆ ಗೀಸರ್ ಮತ್ತು ಅಡುಗೆಮನೆ, ಇನ್ನೊಂದಕ್ಕೆ ದೀಪ ಮತ್ತು ಉಳಿದ ಪ್ಲಗ್‌ಗಳು. ದೀಪಕ್ಕೆ 1.5 ವೈರು, 6 ಆಂಪ್; ಪ್ಲಗ್‌ಗೆ 2.5, 16 ಆಂಪ್. ಒಲೆ, ಏಸಿಗೆ ತಲಾ 4 ವೈರು, 20 ಆಂಪ್. ಬಾಡಿಗೆಗೆ ಕೊಡುವುದಿದ್ದರೆ ಸಬ್ ಮೀಟರ್ ಈಗಲೇ ಕೂರಿಸಿ. ಡಿಬಿ ಇರಬೇಕಾದ್ದು ಫ್ಲಾಟಿನ ಒಳಗೆ.

ಇನ್ನು ನ್ಯೂಟ್ರಲ್. ಎರಡು ಆರ್‌ಸಿಸಿಬಿ ಇದ್ದರೆ ಎರಡು ನ್ಯೂಟ್ರಲ್ ಬಾರ್ (ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿ) ಬೇಕು, ಒಂದರ ಮೂಲಕ ಹೋದ ಕರೆಂಟ್ ಅದರ ಮೂಲಕವೇ ಮರಳಬೇಕು. ಇದು ಹೆಚ್ಚಾಗಿ ಕೆಡುವುದು ಮೆಟ್ಟಿಲ ದೀಪದಲ್ಲಿ. ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್. ಫೇಸ್ ಮನೆಯಿಂದ, ನ್ಯೂಟ್ರಲ್ ಹತ್ತಿರವಿದೆಯೆಂದು ಫ್ಲಾಟಿನಿಂದ. ಹೋದ ಕರೆಂಟ್ ತನ್ನ ಮೂಲಕ ಮರಳದಿರುವುದನ್ನು ಮನೆಯ ಆರ್‌ಸಿಸಿಬಿ ಲೀಕೇಜ್ ಎಂದೇ ಎಣಿಸುತ್ತದೆ. 9 ವಾಟಿನ ಎಲ್‌ಇಡಿ ಎಳೆಯುವುದೇ ಸುಮಾರು 40 ಮಿಲಿಆಂಪ್, 30ರದ್ದು ಬೀಳಲು ಅಷ್ಟು ಸಾಕು. ದೀಪ ಹಚ್ಚಿದಾಗಲೆಲ್ಲ ಟ್ರಿಪ್ ಆದರೆ ಕೆಲಸದವರು ಆರ್‌ಸಿಸಿಬಿ ಬದಲಿಸುತ್ತಾರೆ, ಕೆಲವರು ತೆಗೆದೇ ಹಾಕುತ್ತಾರೆ!

ಮನೆಯ ಮತ್ತು ಫ್ಲಾಟಿನ ನ್ಯೂಟ್ರಲ್ ಎಲ್ಲಾದರೂ ಒಂದಕ್ಕೊಂದು ಸೇರಿದೆಯೇ ಎಂದು ಪತ್ತೆ ಹಚ್ಚುವುದು ಸುಲಭ, ಆದರೆ ಮೇಲಿನ ಮೆಟ್ಟಿಲ ದೀಪದಂಥ ತಪ್ಪು ಇದರಲ್ಲಿ ಸಿಗುವುದಿಲ್ಲ. ಮೇನ್‌ನಲ್ಲಿ ಕರೆಂಟ್ ಪೂರ್ತಿ ಆಫ್ ಮಾಡಿ, ಮನೆಯ ಆರ್‌ಸಿಸಿಬಿಯನ್ನು ಮಾತ್ರ ಆನ್‌ನಲ್ಲೇ ಬಿಟ್ಟು, ಟೆಸ್ಟರ್ ಹಿಡಿದು ಖಚಿತಪಡಿಸಿಕೊಂಡು, ಫ್ಲಾಟಿನ ಡಿಬಿಗೆ ಬರುವ ಫೀಡರ್ ನ್ಯೂಟ್ರಲನ್ನು ಬಿಚ್ಚಿ. ಬಿಚ್ಚಿದ ತುದಿಗೂ ಫ್ಲಾಟಿನ ನ್ಯೂಟ್ರಲ್ ಬಾರ್‌ಗಳಿಗೂ ಮಲ್ಟಿಮೀಟರ್ ಹಿಡಿದರೆ ಬೀಪ್ ಬರಕೂಡದು. ಬಂದರೆ ಎರಡು ನ್ಯೂಟ್ರಲ್ ಎಲ್ಲೋ ಸೇರಿಕೊಂಡಿವೆ. ಗಾರೆ ಮಾಡುವ ಮೊದಲೇ ಇದನ್ನು ನೋಡಿಸಿ.

ಮನೆಯ ಇನ್ವರ್ಟರ್‌ನಿಂದ ಫ್ಲಾಟಿನ ದೀಪಗಳಿಗೆ ಲೈನ್ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಫ್ಲಾಟಿನ ಐಸೊಲೇಟರ್ ಇಳಿಸಿದರೂ ಒಳಗೆ ಕರೆಂಟ್ ಉಳಿಯುತ್ತದೆ, ಬಲ್ಬ್ ಹೋಲ್ಡರ್ ಬಿಚ್ಚುವವರಿಗೆ ಅದು ಗೊತ್ತಿರುವುದಿಲ್ಲ. ಕೊಡಲೇಬೇಕಾದರೆ ಅದಕ್ಕೆ ಬೇರೆ ಡಬಲ್ ಪೋಲ್ ಸ್ವಿಚ್, ಡಿಬಿಯ ಮೇಲೆ ದೊಡ್ಡ ಅಕ್ಷರದ ಚೀಟಿ.