ನಿಮ್ಮ ಆರೋಗ್ಯದ ಲೆಕ್ಕ ನೀವೇ ಬರೆದುಕೊಳ್ಳುವುದು ಹೇಗೆ?

ಆರೋಗ್ಯ ಸರಿಯಿಲ್ಲ ಅಂದ ಕೂಡಲೇ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ. ಬೇಗ ಮಲಗಿ, ದಿನಾ ನಡೆಯಿರಿ, ಉಪ್ಪು ಕಡಿಮೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ನಸುಕಿನಲ್ಲಿ ಮನೆ ಸೇರುವವರಿಗೆ ಬೇಗ ಮಲಗಿ ಅಂತ ಹೇಳಿ ಏನು ಪ್ರಯೋಜನ? ಅವರ ನಿದ್ದೆಯನ್ನು ತೀರ್ಮಾನಿಸುವುದು ಪಾಳಿಯ ಪಟ್ಟಿ. ಹಾಗಾಗಿ ಅಭ್ಯಾಸ ಬದಲಿಸಲು ಹೊರಡುವ ಮೊದಲು ಆ ಅಭ್ಯಾಸ ಎಲ್ಲಿಂದ ಬಂತು ಅಂತ ನೋಡಬೇಕು. ಒಂದು ನೋಟ್‌ಬುಕ್, ಒಂದು ಪೆನ್ನು, ಸ್ವಲ್ಪ ಬಿಡುವು ಇದ್ದರೆ ಸಾಕು.

ಹೆಜ್ಜೆ 1: ಈಗ ಹೇಗಿದ್ದೀರಿ, ಬರೆಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರ ಏಪ್ರಿಲ್ 7ರಂದು ಜಾರಿಗೆ ಬಂತು. ಕಾಯಿಲೆ ಇಲ್ಲದಿದ್ದರೆ ಅಷ್ಟೇ ಆರೋಗ್ಯವಲ್ಲ, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಸಂಪೂರ್ಣವಾಗಿ ಚೆನ್ನಾಗಿರಬೇಕು ಅಂತ ಅದು ಹೇಳುತ್ತದೆ. ಈ ಅಳತೆಗೆ ಪೂರ್ತಿ ಹೊಂದುವವರು ಯಾರೂ ಇರಲಿಕ್ಕಿಲ್ಲ. ಸಕ್ಕರೆ ಕಾಯಿಲೆ ಇಟ್ಟುಕೊಂಡೇ ದಶಕಗಳ ಕಾಲ ಲವಲವಿಕೆಯಿಂದ ಬದುಕುವವರಿದ್ದಾರೆ. ಆದರೂ ಬರೆಯಲು ಕೂತಾಗ ಆ ಮೂರು ಭಾಗ ತುಂಬಾ ಉಪಯೋಗಕ್ಕೆ ಬರುತ್ತವೆ.

ದೇಹದ ಕೆಳಗೆ ನೋವು, ಸುಸ್ತು, ನಿದ್ದೆಯ ಗಂಟೆ, ಸೊಂಟದ ಸುತ್ತಳತೆ ಬರೆಯಿರಿ. ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮನಸ್ಸಿನ ಕೆಳಗೆ ಈಚೆಗೆ ಯಾವುದರಲ್ಲಿ ಆಸಕ್ತಿ ಕಡಿಮೆಯಾಗಿದೆ ಅಂತ ಬರೆಯಿರಿ. ಮೂರನೆಯದರ ಕೆಳಗೆ, ಕಷ್ಟ ಬಂದರೆ ರಾತ್ರಿ ಹೊತ್ತಲ್ಲೂ ಯಾರಿಗೆ ಫೋನ್ ಮಾಡಬಲ್ಲಿರಿ ಅನ್ನುವುದನ್ನು ಬರೆಯಿರಿ. ಒಂದು ಹೆಸರೂ ಹೊಳೆಯದಿದ್ದರೆ ಅದೂ ಬಿಪಿಯ ಹಾಗೆ ಗಮನಿಸಬೇಕಾದ ವಿಷಯವೇ.

ಬಿಪಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಏರಿದರೂ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಅಳೆದೇ ತಿಳಿಯಬೇಕು, ಮತ್ತು ಅಳೆಯುವಾಗಲೇ ತಪ್ಪಾಗುವುದು ಹೆಚ್ಚು. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ನೆ ಕೂರಿ. ಪಾದ ಎರಡೂ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ, ಬರಿ ತೋಳಿಗೇ ಸುತ್ತಿ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದುಕೊಳ್ಳಿ. ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಮನೆಯಲ್ಲಿ ಅಳೆದರೆ 135/85ರಿಂದಲೇ ಎಚ್ಚರ ಬೇಕು. ಒಂದೇ ಸಲದ ಅಳತೆ ನೋಡಿ ಹೆದರಬೇಡಿ, ನಿಶ್ಚಿಂತೆಯಾಗಿಯೂ ಇರಬೇಡಿ.

ಹೆಜ್ಜೆ 2: ಪ್ರತಿಯೊಂದಕ್ಕೂ 'ಯಾಕೆ' ಅಂತ ಕೇಳಿ

ಸಂಜೆಯಾದರೆ ತಲೆನೋವು ಅಂತ ಬರೆದಿದ್ದೀರಿ ಅಂದುಕೊಳ್ಳಿ. ಯಾಕೆ? ದಿನವಿಡೀ ಸರಿಯಾಗಿ ನೀರು ಕುಡಿದಿಲ್ಲ. ಯಾಕೆ ಕುಡಿದಿಲ್ಲ? ಕೆಲಸದ ಜಾಗದಲ್ಲಿ ಶೌಚಾಲಯ ಗಲೀಜು, ಬಾಗಿಲಿಗೆ ಚಿಲಕವೂ ಇಲ್ಲ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದೀರಿ. ಎಷ್ಟೋ ಹೆಣ್ಣುಮಕ್ಕಳು ಮೂತ್ರದ ಸೋಂಕಿಗೆ ಮತ್ತೆ ಮತ್ತೆ ಮಾತ್ರೆ ನುಂಗುತ್ತಿರುತ್ತಾರೆ, ಕಾರಣ ಮಾತ್ರ ಆ ಚಿಲಕದಲ್ಲೇ ಇರುತ್ತದೆ. 'ಜಾಸ್ತಿ ನೀರು ಕುಡಿಯಿರಿ' ಅಂತ ಹೇಳಿ ಕಳಿಸಿದರೆ ಇದು ಬಗೆಹರಿಯುವುದಿಲ್ಲ ಅಲ್ವಾ?

ಹೀಗೆ ಹಿಂದೆ ಹಿಂದೆ ಹೋದಾಗ ಸಿಗುವ ಕಾರಣಗಳನ್ನೇ ಆರೋಗ್ಯದ ನಿರ್ಧಾರಕಗಳು ಎನ್ನುವುದು. 1974ರಲ್ಲಿ ಕೆನಡಾದ ಆರೋಗ್ಯ ಸಚಿವ ಮಾರ್ಕ್ ಲಲೋಂಡ್ ಒಂದು ವರದಿ ತಂದರು. ಅದರಲ್ಲಿ ಇವನ್ನು ನಾಲ್ಕು ಗುಂಪು ಮಾಡಿದ್ದರು: ದೇಹದ ಗುಣ, ಸುತ್ತಲಿನ ಪರಿಸರ, ಬದುಕುವ ರೀತಿ, ವೈದ್ಯಕೀಯ ವ್ಯವಸ್ಥೆ. ಆಸ್ಪತ್ರೆ ಈ ನಾಲ್ಕರಲ್ಲಿ ಒಂದು ಮಾತ್ರ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ನಿಮ್ಮ ಕಾರಣಗಳನ್ನು ಹಂಚಿ ಬರೆಯಿರಿ.

ನಾನಾದರೆ ಐದನೆಯ ಕಾಲಂ ಕೂಡ ಎಳೆಯುತ್ತೇನೆ: ದುಡ್ಡು, ಓದು, ಕೆಲಸದಲ್ಲಿ ನಮ್ಮ ಮಾತಿಗಿರುವ ಬೆಲೆ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಎಲ್ಲರದ್ದೂ ಕಚೇರಿ ಕೆಲಸ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ. ಆದರೂ ಹುದ್ದೆ ಕೆಳಗಿಳಿದಂತೆ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚುತ್ತಾ ಹೋದರು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸದ ಅರ್ಧದಷ್ಟಕ್ಕೂ ಉತ್ತರ ಸಿಗಲಿಲ್ಲ. ಆದ್ದರಿಂದ ಕಾಯಿಲೆ ಬಿದ್ದವರನ್ನು 'ನೀವೇ ಮಾಡ್ಕೊಂಡಿದ್ದು' ಅಂತ ದೂರುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಹೆಜ್ಜೆ 3: ಯಾವುದು ಯಾರ ಕೈಲಿದೆ, ಗುರುತು ಹಾಕಿ

ನಿಮ್ಮೊಬ್ಬರ ಕೈಲಿರುವುದಕ್ಕೆ ಒಂದು ಗುರುತು, ಮನೆಯವರೆಲ್ಲ ಸೇರಿ ಮಾಡಬೇಕಾದ್ದಕ್ಕೆ ಇನ್ನೊಂದು, ಕೆಲಸದ ಜಾಗ, ಬೀದಿ ಅಥವಾ ಸರ್ಕಾರ ಮಾಡಬೇಕಾದ್ದಕ್ಕೆ ಮತ್ತೊಂದು. ವಯಸ್ಸು, ತಂದೆ ತಾಯಿಯಿಂದ ಬಂದದ್ದು ಯಾರ ಕೈಲೂ ಇಲ್ಲ. ಆದರೂ ಬರೆಯಿರಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ನಿಮ್ಮ ಪರೀಕ್ಷೆ ಬೇಗ ಶುರುವಾಗಬೇಕು.

ಹೆಜ್ಜೆ 4: ಒಂದನ್ನೇ ಆರಿಸಿ, ಸುತ್ತಲಿನದನ್ನು ಬದಲಿಸಿ

ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಮೇಜನ್ನು ಬದಲಿಸುವುದು ಸುಲಭ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ, ಪೊಟ್ಟಣದ ತಿಂಡಿಯಲ್ಲಿರುವುದೂ ಸೇರಿ. ಉಪ್ಪಿನ ಡಬ್ಬಿಯನ್ನು ಊಟದ ಮೇಜಿನಿಂದ ಎತ್ತಿ ಮೇಲಿನ ಶೆಲ್ಫಿಗಿಡಿ. ಅಡುಗೆಗೆ ಹಾಕುವುದನ್ನು ನಿಧಾನವಾಗಿ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ನಡಿಗೆಗೂ ಇದೇ ಮಾತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಒಟ್ಟಿಗೇ ಮಾಡಬೇಕೆಂದಿಲ್ಲ, ಹತ್ತು ಹತ್ತು ನಿಮಿಷ ಕೂಡಿಸಿದರೂ ಆಯಿತು. ಪ್ರತ್ಯೇಕ ಸಮಯ ಸಿಗದಿದ್ದರೆ ಫೋನ್ ಮಾತೆಲ್ಲ ನಡೆಯುತ್ತಲೇ ಆಡಿ.

ತಂಬಾಕು ಇದ್ದರೆ ಮಾತ್ರ ಉಳಿದದ್ದೆಲ್ಲ ಆಮೇಲೆ, ಮೊದಲು ಅದು. ಸಿಗರೇಟು ಬಿಟ್ಟ ಒಂದು ವರ್ಷಕ್ಕೆ ಅದರಿಂದ ಹೃದಯಕ್ಕಿದ್ದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೇ ಸಲಕ್ಕೆ ಬಿಡಲಾಗದಿದ್ದರೆ ಸೋತೆ ಅಂದುಕೊಳ್ಳಬೇಡಿ. ನಿಕೋಟಿನ್ ಗಮ್ ಇದೆ, ಔಷಧಿ ಇದೆ, ಆಪ್ತ ಸಲಹೆ ಇದೆ. ವೈದ್ಯರನ್ನು ಕೇಳಿ.

ಹೆಜ್ಜೆ 5: ಒಬ್ಬರಿಂದ ಆಗದ್ದನ್ನು ನಾಲ್ಕು ಜನ ಸೇರಿ ಮಾಡಿ

1986ರ ನವೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಆರೋಗ್ಯ ವರ್ಧನೆಯ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಒಂದು ಸನ್ನದು ಹೊರಡಿಸಿತು. ಜನರಿಗೆ ತಮ್ಮ ಆರೋಗ್ಯದ ಮೇಲೆ ಹಿಡಿತ ಸಿಗುವಂತೆ, ಅದನ್ನು ಉತ್ತಮಪಡಿಸಿಕೊಳ್ಳಲು ಆಗುವಂತೆ ಮಾಡುವುದೇ ಆರೋಗ್ಯ ವರ್ಧನೆ ಅಂತ ಅದು ಹೇಳಿತು. ಬುದ್ಧಿ ಹೇಳುವುದಷ್ಟೇ ಸಾಲದು. ನೀತಿ, ಪರಿಸರ, ಜನರ ಒಗ್ಗಟ್ಟು, ವೈಯಕ್ತಿಕ ಕೌಶಲ, ಆರೋಗ್ಯ ಸೇವೆ ಐದೂ ಕಡೆ ಕೆಲಸ ಆಗಬೇಕು.

ಇದು ಆಗುವ ಮಾತೇ ಅಂತ ಅನುಮಾನವಿದ್ದರೆ ಫಿನ್ಲೆಂಡಿನ ಉತ್ತರ ಕರೇಲಿಯಾವನ್ನು ನೋಡಿ. ಅಲ್ಲಿನ ಗಂಡಸರು ನಡುವಯಸ್ಸಿಗೇ ಹೃದಯಾಘಾತದಿಂದ ಸಾಯುತ್ತಿದ್ದರು. ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಯುವ ವೈದ್ಯ ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಯೋಜನೆ ಶುರುವಾಯಿತು. ಅವರು ಭಾಷಣಕ್ಕಷ್ಟೇ ನಿಲ್ಲಲಿಲ್ಲ. ಬೆಣ್ಣೆ ಕಡಿಮೆ ಹಾಕಿ, ತರಕಾರಿ ಜಾಸ್ತಿ ಹಾಕಿ ಅಡುಗೆ ಮಾಡುವುದನ್ನು ಮಹಿಳಾ ಸಂಘದವರ ಜತೆ ಸೇರಿ ಮನೆಮನೆಗೆ ತಲುಪಿಸಿದರು. ಆಹಾರ ತಯಾರಿಸುವವರೊಂದಿಗೆ ಕೂತು ಕೊಬ್ಬು, ಉಪ್ಪು ಇಳಿಸುವ ಮಾತಾಡಿದರು. ಹೈನುಗಾರಿಕೆ ನಂಬಿದ್ದವರಿಗೆ ಬೆರ್ರಿ ಹಣ್ಣು ಬೆಳೆಯುವ ದಾರಿ ತೋರಿಸಿದರು. ಸುಮಾರು 35 ವರ್ಷಗಳಲ್ಲಿ, ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು ಶೇ 80ಕ್ಕಿಂತ ಜಾಸ್ತಿ ಇಳಿಯಿತು.

ನಿಮ್ಮ ಪಟ್ಟಿಯಲ್ಲಿ ಆ ಚಿಲಕದಂಥದ್ದು ಏನಾದರೂ ಇದ್ದರೆ ಒಂದು ಅರ್ಜಿ ಬರೆಯಿರಿ. ಅದೇ ತೊಂದರೆ ಇರುವವರ ಸಹಿ ಹಾಕಿಸಿ. ಏನು ಬೇಕು, ಯಾವಾಗಿನೊಳಗೆ ಬೇಕು ಅಂತ ಸ್ಪಷ್ಟವಾಗಿ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ.

ಹೆಜ್ಜೆ 6: ಮೂರು ತಿಂಗಳಿಗೆ ಮತ್ತೆ ತೆರೆಯಿರಿ

ಬದಲಾದದ್ದನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ. ಆಗದೇ ಉಳಿದದ್ದಕ್ಕೆ ಮತ್ತೆ 'ಯಾಕೆ' ಅಂತ ಕೇಳಿ. ಮನಸ್ಸಿನ ಭಾರ ಎರಡು ವಾರ ಕಳೆದರೂ ಇಳಿಯದಿದ್ದರೆ ಮೂರು ತಿಂಗಳು ಕಾಯಬೇಡಿ, ವೈದ್ಯರನ್ನು ಕಾಣಿ. ಎದೆನೋವು, ಇದ್ದಕ್ಕಿದ್ದಂತೆ ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಾಮೂಲಿ ತಪಾಸಣೆಗೆ ಹೋಗುವಾಗ ನೋಟ್‌ಬುಕ್ ಜತೆಗಿರಲಿ. ಬಿಪಿಯ ಅಳತೆಗಳ ಜತೆ ನಿಮ್ಮ ಪಾಳಿಯ ಹೊತ್ತು, ಊಟದ ಹೊತ್ತನ್ನೂ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಯಾವಾಗ ನುಂಗಿದರೆ ಮರೆಯದೆ ನಡೆಯುತ್ತದೆ ಅನ್ನುವುದನ್ನು ಇಬ್ಬರೂ ಕೂತು ಅಲ್ಲೇ ತೀರ್ಮಾನಿಸಬಹುದು.