ಹುಬ್ಬಳ್ಳಿಯಿಂದ ಕಾಪು ಲೈಟ್‌ಹೌಸ್‌ಗೆ: ಸಂಜೆ ನೋಡಿಕೊಂಡು ಹೊರಡಿ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯಿಂದ ಕಾಪುಗೆ ಹೋಗುವವರು ರಾತ್ರಿ ಬಸ್ಸಿಳಿದು ಬೆಳಿಗ್ಗೆಯೇ ಲೈಟ್‌ಹೌಸ್ ಬುಡಕ್ಕೆ ಹೋಗಿ ನಿಲ್ಲುವುದು ಜಾಸ್ತಿ. ಆಗ ಬಾಗಿಲು ಹಾಕಿರುತ್ತದೆ. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಬೆಳಿಗ್ಗೆ ಉಡುಪಿಯಲ್ಲಿ ಇಳಿದು, ಸ್ನಾನ, ನಾಷ್ಟಾ, ಕೃಷ್ಣ ಮಠ ಎಲ್ಲ ಮುಗಿಸಿ. ಅಲ್ಲಿಂದ ಕಾಪು ಹದಿಮೂರು ಕಿ.ಮೀ. ಆಸುಪಾಸು, ಬಸ್ಸಿಗೆ ಬರವಿಲ್ಲ. ಸ್ವಂತ ಕಾರಾದರೆ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು, ಅಂಕೋಲಾದಲ್ಲಿ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬನ್ನಿ.

ನಡೆಯುವ ಮನಸ್ಸಿದ್ದರೆ ನೇರ ಕಾಪುಗೆ ಹೋಗಬೇಡಿ. ಮಧ್ಯಾಹ್ನ ಊಟ ಆದಮೇಲೆ ಆಟೋ ಮಾಡಿ ಮಟ್ಟು ಬೀಚಿಗೆ ಹೋಗಿ, ಅಲ್ಲಿಂದ ಸಮುದ್ರ ಬಲಗಡೆ ಇಟ್ಟುಕೊಂಡು ದಕ್ಷಿಣಕ್ಕೆ ಹೊರಡಿ. ಎರಡು ತಾಸು ಇಟ್ಟುಕೊಂಡರೆ ಆರಾಮ. ಒಣ ಮರಳಲ್ಲಿ ಕಾಲು ಹೂತು ಮೀನಖಂಡ ಹಿಡಿಯುತ್ತದೆ, ಅಲೆ ಬಂದು ಹೋದ ಹಸಿ ಮರಳು ಗಟ್ಟಿ, ಅದರ ಮೇಲೇ ನಡೆಯಿರಿ. ಇಳಿತದ ಹೊತ್ತಿಗೆ ಈ ಹಸಿ ಪಟ್ಟಿ ಅಗಲ ಇರುತ್ತದೆ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತವೆ, ಅಲ್ಲಿನ ಮೀನುಗಾರರನ್ನು ಕೇಳಿದರೆ ಆ ದಿನದ ಹೊತ್ತು ಹೇಳುತ್ತಾರೆ. ಬಿಸಿಲು ನಮ್ಮ ಕಡೆಯಷ್ಟೇ ಅನ್ನಿಸಿದರೂ ಬೆವರು ಆರುವುದೇ ಇಲ್ಲ, ನೀರು ಜಾಸ್ತಿ ಒಯ್ಯಿರಿ. ಅಂದಹಾಗೆ ಮಟ್ಟು ಗುಳ್ಳ ಅಂತ ಈ ಊರಿನದೇ ದುಂಡನೆಯ ಹಸಿರು ಬದನೆ ಇದೆ. ಎಣ್ಣೆಗಾಯಿ ತಿಂದು ಬೆಳೆದ ನಾವು ಅದನ್ನು ಸಾಂಬಾರಿನಲ್ಲಿ ತಿಂದು ನೋಡಲೇಬೇಕು, ಅಲ್ವಾ?

ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ, ಕಡಲ ಅಂಚಿನ ದೊಡ್ಡ ಬಂಡೆಯ ಮೇಲೆ. ಸುಮಾರು 27 ಮೀಟರ್ ಎತ್ತರ, ಕಪ್ಪು-ಬಿಳಿ ಪಟ್ಟೆ. ಮೊದಲು ಬಂಡೆ ಹತ್ತಬೇಕು, ಆಮೇಲೆ ಒಳಗಿನ ಸುತ್ತು ಮೆಟ್ಟಿಲು. ಟಿಕೆಟ್ಟಿಗೆ ಚಿಲ್ಲರೆ ಇರಲಿ. ಮೇಲೆ ಗಾಳಿ ಜೋರು, ಟೋಪಿ ಚೀಲದಲ್ಲಿ ಇಡಿ, ಮೊಬೈಲ್ ಹೊರಗೆ ಚಾಚಬೇಡಿ. ಮಂಡಿನೋವು ಇರುವವರು ಬಂಡೆಯ ಮೇಲೇ ಕೂತರೂ ಸೂರ್ಯ ಮುಳುಗುವುದು ಚೆನ್ನಾಗಿಯೇ ಕಾಣುತ್ತದೆ, ಸುಮ್ನೆ ಹಟ ಬೇಡ.

ಪಾಚಿ ಕಟ್ಟಿದ ಬಂಡೆಗೆ ಕಾಲಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆಯೇ ಬೇಡ, ಕಡಲು ಹುಚ್ಚಾಗಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಭಾನುವಾರ ರಾತ್ರಿಯೇ ವಾಪಸ್ ಬರುವವರಾದರೆ ಉಡುಪಿಯಿಂದ ಹುಬ್ಬಳ್ಳಿ ಬಸ್ಸಿನ ಸೀಟು ಹೊರಡುವ ಮೊದಲೇ ಬುಕ್ ಮಾಡಿ.