ತಾರಸಿ ಸೋಲಾರ್: ಪ್ಯಾನೆಲ್ ಏರಿಸುವ ಮೊದಲು ಕಾಗದ ಸರಿಮಾಡಿಕೊಳ್ಳಿ

ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಕೇಂದ್ರ ನೆರವು ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಬ್ಸಿಡಿ ಇದೆ. ಒಂದು ಮನೆಗೆ 78,000 ರೂ. ದಾಟುವುದಿಲ್ಲ. ಈ ಹಣ ಕೈಸೇರಬೇಕಾದರೆ ಕೆಲಸಗಳು ಕ್ರಮವಾಗಿ ನಡೆಯಬೇಕು.

ಮೊದಲು ಕರೆಂಟ್ ಬಿಲ್ ತೆಗೆದು ಹೆಸರು ನೋಡಿ. ಆರ್‌ಆರ್ ನಂಬರ್ (ಬಿಲ್‌ನಲ್ಲಿರುವ ಸಂಪರ್ಕ ಸಂಖ್ಯೆ) ಇನ್ನೂ ತೀರಿಹೋದ ತಂದೆಯ ಅಥವಾ ಮನೆ ಮಾರಿದವರ ಹೆಸರಿನಲ್ಲಿದ್ದರೆ ಅರ್ಜಿ ಹಾಕಬೇಡಿ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗದಲ್ಲಿ ಹೆಸರು ಬದಲಾವಣೆ ಮುಗಿಸಿ. ಬಿಲ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ವ್ಯತ್ಯಾಸವೂ ಕೊನೆಯಲ್ಲಿ ಕಾಡುತ್ತದೆ.

ಎಷ್ಟು ಕಿಲೋವಾಟ್ ಬೇಕು? ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ನೆರಳಿಲ್ಲದ ಸುಮಾರು 100 ಚದರಡಿ ಜಾಗ ಕೇಳುತ್ತದೆ. ತಿಂಗಳಿಗೆ 350 ಯೂನಿಟ್ ಬಳಸುವ ಮನೆಗೆ 3 ಕಿಲೋವಾಟ್ ಸಾಕು. ಸಬ್ಸಿಡಿ ಲೆಕ್ಕಕ್ಕೆ ಬರುವುದು ಪ್ಯಾನೆಲ್ ಮತ್ತು ಇನ್ವರ್ಟರ್ ಪೈಕಿ ಕಡಿಮೆ ಸಾಮರ್ಥ್ಯದ್ದು. 3 ಕಿಲೋವಾಟ್ ಇನ್ವರ್ಟರ್‌ಗೆ 540 ವಾಟ್‌ನ ಐದೇ ಪ್ಯಾನೆಲ್ ಹಾಕಿದರೆ ಅದು 2.7 ಕಿಲೋವಾಟ್. ಆರು ಹಾಕಿಸಿ.

ನಂತರ ಈ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ. 2024ರ ನಿಯಮ ತಿದ್ದುಪಡಿಯಂತೆ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತಾ ಪರಿಶೀಲನೆ ಬೇಕಿಲ್ಲ, ಅದು ಒಪ್ಪಿಗೆಯಾದಂತೆಯೇ. 5 ಕಿಲೋವಾಟ್‌ವರೆಗೆ ವಿತರಣಾ ಜಾಲ ಬಲಪಡಿಸುವ ಖರ್ಚೂ ಎಸ್ಕಾಂನದು. ಟ್ರಾನ್ಸ್‌ಫಾರ್ಮರ್ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಈ ನಿಯಮ ತೋರಿಸಿ.

ವೆಂಡರ್ ಪೋರ್ಟಲ್‌ನಲ್ಲಿ ನೋಂದಾಯಿಸಿದವರೇ ಆಗಿರಬೇಕು. ಕೊಟೇಶನ್‌ನಲ್ಲಿ 'ಡಿಸಿಆರ್ ಪ್ಯಾನೆಲ್' ಎಂಬ ಮಾತು ಬರಹದಲ್ಲಿರಲಿ. ಅಂದರೆ ಪ್ಯಾನೆಲ್ ಮಾತ್ರವಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಚೀನಾದ ಅಗ್ಗದ ಮಾಲಿನ ಎದುರು ಇಲ್ಲಿನ ಕಾರ್ಖಾನೆಗಳು ನಿಲ್ಲಲೆಂದು ಕೇಂದ್ರ 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್‌ಗೆ ಶೇ 40, ಸೆಲ್‌ಗೆ ಶೇ 25 ಸುಂಕ ಹಾಕಿತು. ಸಬ್ಸಿಡಿಗೆ ಡಿಸಿಆರ್ ಷರತ್ತು ಇಟ್ಟಿರುವುದೂ ಅದೇ ಉದ್ದೇಶಕ್ಕೆ. ವಿದೇಶಿ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ಅಗ್ಗ, 'ಮೇಡ್ ಇನ್ ಇಂಡಿಯಾ' ಚೀಟಿಯೂ ಇರುತ್ತದೆ, ಆದರೆ ಸಬ್ಸಿಡಿ ಇಲ್ಲ. ಆದ್ದರಿಂದ ಪ್ಯಾನೆಲ್ ಏಣಿ ಹತ್ತುವ ಮೊದಲೇ ಪ್ರತಿಯೊಂದರ ಸೀರಿಯಲ್ ನಂಬರನ್ನು ತಯಾರಕರ ಡಿಸಿಆರ್ ಪ್ರಮಾಣಪತ್ರದ ಜೊತೆ ತಾಳೆ ನೋಡಿ, ಫೋಟೊ ತೆಗೆದಿಡಿ. ಬೋಲ್ಟ್ ಬಿಗಿದ ಮೇಲೆ ವಾದಕ್ಕೆ ಬಲವಿರುವುದಿಲ್ಲ. ಕೊನೆಯ ಕಂತನ್ನು ಮೀಟರ್ ಬರುವವರೆಗೆ ಕೊಡಬೇಡಿ. ಐದು ವರ್ಷದ ನಿರ್ವಹಣೆಯೂ ಒಪ್ಪಂದದಲ್ಲಿರಲಿ.

ಅಳವಡಿಸುವಾಗ ಪ್ಯಾನೆಲ್ ದಕ್ಷಿಣಕ್ಕೆ, ಸುಮಾರು 15 ಡಿಗ್ರಿ ಓರೆ. ಪ್ಯಾನೆಲ್ ಕಡೆಯ ಡಿಸಿ, ಇನ್ವರ್ಟರ್‌ನಿಂದ ಹೊರಬರುವ ಎಸಿ, ಸಿಡಿಲು ನಿರೋಧಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ ತೆಗೆಸಿ. ಒಂದಕ್ಕೇ ಸೇರಿಸಿದರೆ ಸಿಡಿಲಿನ ಹೊಡೆತ ಇನ್ವರ್ಟರ್‌ಗೆ ಹಾಯಬಹುದು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಎಸ್ಕಾಂ ಲೈನಿಗೆ ಜೋಡಿಸಿದ) ಇನ್ವರ್ಟರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲು ಹಾಗೆ ಮಾಡಿದ್ದಾರೆ.

ಕೆಲಸ ಮುಗಿದ ಮೇಲೆ ನೆಟ್ ಮೀಟರ್ ಒಪ್ಪಂದ, ಪರಿಶೀಲನೆ, ಎರಡೂ ದಿಕ್ಕಿನ ಮೀಟರ್. ಘಟಕ ಚಾಲೂ ಆಗಿದೆ ಎಂಬ ಚಾಲನಾ ವರದಿ ಪೋರ್ಟಲ್‌ಗೆ ಬಂದ ಮೇಲೆ ಬ್ಯಾಂಕ್ ವಿವರ ತುಂಬಿ. ಮೊದಲ ಬಿಲ್‌ನಲ್ಲಿ ಇಂಪೋರ್ಟ್ (ಲೈನಿನಿಂದ ಪಡೆದದ್ದು), ಎಕ್ಸ್‌ಪೋರ್ಟ್ (ಲೈನಿಗೆ ಕೊಟ್ಟದ್ದು) ಎರಡನ್ನೂ ಮೀಟರ್ ರೀಡಿಂಗ್ ಜೊತೆ ಹೋಲಿಸಿ. ಎಕ್ಸ್‌ಪೋರ್ಟ್ ಸೊನ್ನೆ ಎಂದಿದ್ದರೆ ಮೀಟರ್ ಫೋಟೊ ಸಮೇತ ಅದೇ ವಾರ ಉಪವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.